ಮಾಲ್ಡೀವ್ಸ್‌ಗೆ ಬಂದ ಡಾಲರ್ ಮಾಲೆಗೆ ಯಾಕೆ ತಲುಪುತ್ತಿಲ್ಲ?

ನಮಸ್ಕಾರ. ಇವತ್ತು ಮಾಲ್ಡೀವ್ಸ್ ಬಗ್ಗೆ ಮಾತಾಡೋಣ. ಬೀಚು, ನೀಲಿ ನೀರು, ಹನಿಮೂನ್ ಫೋಟೋ ಎಲ್ಲ ನೀವು ನೋಡಿರುತ್ತೀರಿ. ನಾನು ಹೇಳಬೇಕಾಗಿರುವುದು ಅಲ್ಲಿನ ದುಡ್ಡಿನ ಕಥೆ.

2024ರಲ್ಲಿ ಆ ದೇಶಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಅಲ್ಲಿರುವ ಜನ ಐದು ಲಕ್ಷ ಚಿಲ್ಲರೆ. ಅದರಲ್ಲೂ ಸುಮಾರು ನಾಲ್ಕರಲ್ಲಿ ಒಬ್ಬರು ಹೊರಗಿನಿಂದ ಬಂದ ಕೆಲಸಗಾರರು. ರೆಸಾರ್ಟ್‌ಗಳಲ್ಲಿ ಬಿಲ್ ಆಗುವುದೇ ಡಾಲರ್‌ನಲ್ಲಿ. ಅಂಥ ದೇಶದಲ್ಲಿ ಡಾಲರ್‌ಗೆ ಬರ ಬರಬಾರದು, ಅಲ್ವಾ? ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಬ್ಯಾಂಕ್ ಆಫ್ ಮಾಲ್ಡೀವ್ಸ್ ಒಂದು ಪ್ರಕಟಣೆ ಹೊರಡಿಸಿತು. ಅಲ್ಲಿನ ಕರೆನ್ಸಿಯಾದ ರುಫಿಯಾ ಖಾತೆಯ ಡೆಬಿಟ್ ಕಾರ್ಡ್‌ನಲ್ಲಿ ಇನ್ನು ಮುಂದೆ ವಿದೇಶಿ ಕರೆನ್ಸಿ ಖರ್ಚು ಮಾಡುವಂತಿಲ್ಲ ಅಂತ. ಜನ ಗಾಬರಿಯಾದರು. ಕೇಂದ್ರ ಬ್ಯಾಂಕ್ ಮಧ್ಯೆ ಬಂದು ಅದೇ ದಿನ ಅದನ್ನು ವಾಪಸ್ ತೆಗೆಸಿತು. ಆದರೆ ಭಯ ವಾಪಸ್ ಹೋಗಲಿಲ್ಲ. ಮಗಳನ್ನು ಮಲೇಷ್ಯಾದಲ್ಲಿ ಓದಿಸುತ್ತಿರುವ ತಂದೆ, ಅಮ್ಮನನ್ನು ಚಿಕಿತ್ಸೆಗೆ ತಿರುವನಂತಪುರಕ್ಕೋ ಬೆಂಗಳೂರಿಗೋ ಕರೆತಂದಿರುವ ಮಗ, ಇಂಥವರಿಗೆ ಆ ಕಾರ್ಡೇ ಆಧಾರ.

ಹಾಗಾದರೆ ಡಾಲರ್ ಎಲ್ಲಿ ಹೋಗುತ್ತದೆ? ಜರ್ಮನಿಯಲ್ಲೋ ರಷ್ಯಾದಲ್ಲೋ ಕುಳಿತು ಒಬ್ಬರು ರೆಸಾರ್ಟ್ ಬುಕ್ ಮಾಡುತ್ತಾರೆ. ಆ ದುಡ್ಡು ಎಷ್ಟೋ ಸಲ ರಾಜಧಾನಿ ಮಾಲೆಯ ಬ್ಯಾಂಕಿಗೆ ಬರುವುದೇ ಇಲ್ಲ, ಕಂಪನಿಯ ಹೊರದೇಶದ ಖಾತೆಗೆ ಹೋಗುತ್ತದೆ. ಸಂಬಳ, ದ್ವೀಪದ ಬಾಡಿಗೆ, ತೆರಿಗೆ ಕಟ್ಟಲು ಬೇಕಾದಷ್ಟು ಮಾತ್ರ ಒಳಗೆ ಬರುತ್ತದೆ. ಬಂದದ್ದೂ ನಿಲ್ಲುವುದಿಲ್ಲ, ಯಾಕೆಂದರೆ ಆ ದೇಶದಲ್ಲಿ ಮೀನು, ತೆಂಗು ಬಿಟ್ಟರೆ ಬೆಳೆಯುವುದು ಕಡಿಮೆ. ಭಾರತ 2024-25ಕ್ಕೆ ಮಾಲ್ಡೀವ್ಸ್‌ಗೆ ಕೊಟ್ಟ ರಫ್ತು ಕೋಟಾ ನೋಡಿ: 42 ಕೋಟಿಗೂ ಹೆಚ್ಚು ಮೊಟ್ಟೆ, 35 ಸಾವಿರ ಟನ್‌ಗೂ ಮೇಲೆ ಈರುಳ್ಳಿ, ಅಕ್ಕಿ, ಗೋಧಿ ಹಿಟ್ಟು, ಸಕ್ಕರೆ. ಅಷ್ಟೇ ಅಲ್ಲ, 10 ಲಕ್ಷ ಟನ್ ನದಿ ಮರಳು, ಇನ್ನು 10 ಲಕ್ಷ ಟನ್ ಜಲ್ಲಿ. ಸುತ್ತಲೂ ಮರಳೇ ಇರುವ ದೇಶ ಮನೆ ಕಟ್ಟಲು ಮರಳು ತರಿಸಿಕೊಳ್ಳಬೇಕು. ಪ್ರತಿಯೊಂದಕ್ಕೂ ಡಾಲರ್ ಬೇಕು.

ಇದರ ಮೇಲೆ ವಿನಿಮಯ ದರದ ಗಂಟು. 2011ರಲ್ಲಿ ಡಾಲರ್‌ಗೆ 15.42 ರುಫಿಯಾ ಮೀರಬಾರದು ಅಂತ ಮಿತಿ ಹಾಕಿದರು. ಅಂದಿನಿಂದ ಅಧಿಕೃತ ದರ ಬಹುತೇಕ ಆ ಮಿತಿಗೇ ಅಂಟಿಕೊಂಡಿದೆ. ಬ್ಯಾಂಕಿನಲ್ಲಿ ಆ ದರಕ್ಕೆ ಬೇಕಾದಷ್ಟು ಡಾಲರ್ ಸಿಗುವುದಿಲ್ಲ. ಹೊರಗೆ ಜಾಸ್ತಿ ಕೊಟ್ಟರೆ ಸಿಗುತ್ತದೆ. ಹಾಗಿರುವಾಗ ಡಾಲರ್ ಇಟ್ಟುಕೊಂಡವರು ಬ್ಯಾಂಕಿಗೆ ಯಾಕೆ ಕೊಡುತ್ತಾರೆ?

ಈಗ ಹೂಡಿಕೆಗೆ ಬರೋಣ. ಇಲ್ಲಿ ನಮ್ಮ ಬೆಂಗಳೂರಿನ ಒಂದು ಕೊಂಡಿಯೂ ಇದೆ. 2010ರಲ್ಲಿ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷ ನಡೆಸುವ ಗುತ್ತಿಗೆ ಜಿಎಂಆರ್ ಕಂಪನಿಗೆ ಸಿಕ್ಕಿತು. ಜೊತೆಗೆ ಮಲೇಷ್ಯಾದ ಪಾಲುದಾರ ಕಂಪನಿ ಇತ್ತು. ಜಿಎಂಆರ್‌ನ ಮುಖ್ಯ ಕಚೇರಿ ಆಗ ಬೆಂಗಳೂರಿನ ಮ್ಯೂಸಿಯಂ ರಸ್ತೆಯಲ್ಲಿತ್ತು. ಸುಮಾರು 50 ಕೋಟಿ ಡಾಲರ್ ಯೋಜನೆ. ಟೆಂಡರ್‌ಗೆ ಸಲಹೆ ಕೊಟ್ಟಿದ್ದು ವಿಶ್ವಬ್ಯಾಂಕ್ ಗುಂಪಿನ ಐಎಫ್‌ಸಿ. ಆದರೆ ಹೊರಡುವ ಪ್ರಯಾಣಿಕರಿಂದ ತಲಾ 25 ಡಾಲರ್ ಶುಲ್ಕ ತೆಗೆದುಕೊಳ್ಳುವ ವಿಚಾರದಲ್ಲಿ ಜಗಳ ಶುರುವಾಯಿತು. ಶುಲ್ಕ ತಪ್ಪು ಎಂದು ಅಲ್ಲಿನ ಕೋರ್ಟ್ ಹೇಳಿತು. ಆಗ ಆ ಮೊತ್ತವನ್ನು ಸರ್ಕಾರಕ್ಕೆ ಕೊಡಬೇಕಾದ ಪಾಲಿನಲ್ಲಿ ಮುರಿದುಕೊಳ್ಳಲಾಯಿತು, ಖಜಾನೆಗೆ ಬರುವುದು ಕಡಿಮೆಯಾಯಿತು. ಜನರ ಸಿಟ್ಟಿಗೆ ಕಾರಣ ಇತ್ತು, ಅದನ್ನು ನಾನು ಒಪ್ಪುತ್ತೇನೆ. ಹೊರಗಿನ ಪ್ರಪಂಚಕ್ಕೆ ಇರುವ ಮುಖ್ಯ ಬಾಗಿಲನ್ನೇ ಬೇರೆಯವರ ಕೈಗೆ ಕೊಟ್ಟರೆ ಯಾರಿಗಾದರೂ ಅನಿಸುತ್ತದೆ.

ಆದರೆ 2012ರಲ್ಲಿ ಅಧ್ಯಕ್ಷ ನಶೀದ್ ಕೆಳಗಿಳಿದರು, ಹೊಸ ಸರ್ಕಾರ ಬಂತು, ನವೆಂಬರ್‌ನಲ್ಲಿ ಗುತ್ತಿಗೆಯನ್ನೇ ರದ್ದು ಮಾಡಿ ಏಳು ದಿನದಲ್ಲಿ ಜಾಗ ಖಾಲಿ ಮಾಡಿ ಎಂದಿತು. ಕೂತು ಮಾತಾಡಿ ಷರತ್ತು ಬದಲಿಸಬಹುದಿತ್ತು. ಮಾಡಲಿಲ್ಲ. ಸಿಂಗಾಪುರದಲ್ಲಿ ಮಧ್ಯಸ್ಥಿಕೆ ನಡೆದು, ಗುತ್ತಿಗೆ ಸರಿಯಾಗಿಯೇ ಇತ್ತು ಎಂದು ತೀರ್ಪು ಬಂತು. 2016ರಲ್ಲಿ ಆ ಪುಟ್ಟ ದೇಶ ಸುಮಾರು 27 ಕೋಟಿ ಡಾಲರ್ ಪರಿಹಾರ ಕಟ್ಟಿತು. ಆಮೇಲೆ ಅದೇ ನಿಲ್ದಾಣದ ವಿಸ್ತರಣೆಗೆ ಚೀನಾದ್ದೂ ಸೇರಿ ಬೇರೆ ಬೇರೆ ಕಡೆ ಸಾಲ ಎತ್ತಿತು. ಹೊಸ ಟರ್ಮಿನಲ್ ತೆರೆದದ್ದು 2025ರ ಜುಲೈನಲ್ಲಿ.

ಇನ್ನೊಂದು ಕಡೆ ನೋಡಿ. 2015ರಲ್ಲಿ ಅಧ್ಯಕ್ಷ ಯಾಮೀನ್ ಕಾಲದಲ್ಲಿ ಸಂವಿಧಾನವನ್ನೇ ತಿದ್ದಿ, 100 ಕೋಟಿ ಡಾಲರ್ ಹಾಕುವ ವಿದೇಶಿಯರಿಗೆ ಜಮೀನಿನ ಒಡೆತನ ಕೊಡಲು ಹೊರಟರು. 2019ರಲ್ಲಿ ಅದನ್ನು ರದ್ದು ಮಾಡಿದರು. ಅದೇ ಯಾಮೀನ್ ಕಾಲದಲ್ಲಿ ಹರಾಜಿಲ್ಲದೆ ದ್ವೀಪಗಳನ್ನು ಹಂಚಿ ಕೋಟಿಗಟ್ಟಲೆ ಡಾಲರ್ ನುಂಗಿದ ಹಗರಣ ಬಯಲಾಯಿತು. ಕೊಡುವುದೂ ರಾತ್ರೋರಾತ್ರಿ, ಕಿತ್ತುಕೊಳ್ಳುವುದೂ ರಾತ್ರೋರಾತ್ರಿ. ಇಂಥ ಕಡೆ ದೀರ್ಘಕಾಲಕ್ಕೆ ದುಡ್ಡು ಹಾಕುವವರು ಹಿಂಜರಿಯುತ್ತಾರೆ. ಬೇಗ ಬಾಚಿಕೊಂಡು ಹೋಗುವವರು ಮುಂದೆ ಬರುತ್ತಾರೆ. ನನ್ನ ಪ್ರಕಾರ ಮಾಲ್ಡೀವ್ಸ್‌ನ ದೊಡ್ಡ ರೋಗ ಇದೇ. ಸಾಲ ಅದರ ಲಕ್ಷಣ.

ಆ ಸಾಲವೂ ಚಿಕ್ಕದಲ್ಲ. ಇಡೀ ದೇಶದ ಒಂದು ವರ್ಷದ ಉತ್ಪನ್ನವನ್ನೂ ಮೀರಿದೆ. ಸೇತುವೆ, ಸಮುದ್ರಕ್ಕೆ ಮಣ್ಣು ತುಂಬಿ ಕಟ್ಟಿದ ಹುಲ್ಹುಮಾಲೆ ದ್ವೀಪ, ಎತ್ತರದ ಫ್ಲ್ಯಾಟುಗಳು, ಇಂಥವಕ್ಕೆಲ್ಲ ಸಾಲ ಮಾಡಿದರು. 2024ರಲ್ಲಿ ದೇಶಗಳ ಸಾಲ ತೀರಿಸುವ ಶಕ್ತಿಯನ್ನು ಅಳೆಯುವ ಸಂಸ್ಥೆಗಳಾದ ಫಿಚ್, ಮೂಡೀಸ್ ಎರಡೂ ಅದರ ರೇಟಿಂಗ್ ಇಳಿಸಿದವು. ಆ ಅಕ್ಟೋಬರ್‌ನಲ್ಲಿ ಭಾರತ 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ಅದಲುಬದಲಿಗೆ, ಅಂದರೆ ರುಫಿಯಾ ಇಟ್ಟುಕೊಂಡು ತಾತ್ಕಾಲಿಕವಾಗಿ ಡಾಲರ್, ರೂಪಾಯಿ ಕೊಡುವುದಕ್ಕೆ ಒಪ್ಪಿಕೊಂಡಿತು.

ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಮೂವರು ಉಪಮಂತ್ರಿಗಳು ನಮ್ಮ ಪ್ರಧಾನಿ ಬಗ್ಗೆ ಕೀಳಾಗಿ ಬರೆದಾಗ ನಮ್ಮಲ್ಲಿ ಬಹಿಷ್ಕಾರದ ಕೂಗು ಎದ್ದಿತ್ತು. ಉಪಮಂತ್ರಿಗಳದ್ದು ತಪ್ಪು, ಅನುಮಾನವೇ ಇಲ್ಲ. ಆದರೆ ಮಾಫುಶಿಯಂಥ ದ್ವೀಪದಲ್ಲಿ ನಾಲ್ಕು ಕೋಣೆಯ ಗೆಸ್ಟ್‌ಹೌಸ್ ಇಟ್ಟುಕೊಂಡವರು ಏನು ತಪ್ಪು ಮಾಡಿದ್ದರು? ಸುಮಾರು 2010ರ ತನಕ ಜನ ವಾಸಿಸುವ ದ್ವೀಪಗಳಲ್ಲಿ ಪ್ರವಾಸಿಗರನ್ನು ಉಳಿಸಿಕೊಳ್ಳಲು ಅವಕಾಶವೇ ಇರಲಿಲ್ಲ. ಅವಕಾಶ ಸಿಕ್ಕ ಮೇಲೆ ದುಡ್ಡು ನೇರವಾಗಿ ಊರಿನೊಳಗೆ ಬಂತು. ಬೋಟ್ ಓಡಿಸುವವನಿಗೆ, ಅಂಗಡಿಯವನಿಗೆ, ಮೀನು ಹಿಡಿಯುವವನಿಗೆ. ಮಧ್ಯಮ ವರ್ಗದ ನಮ್ಮಂಥ ಭಾರತೀಯರು ಹೋಗಿ ಉಳಿಯುವುದೂ ಜಾಸ್ತಿ ಅಲ್ಲೇ. ನಮ್ಮ ಸಿಟ್ಟಿನ ಏಟು ಮೊದಲು ಅವರಿಗೇ ಬಿತ್ತು, ಮಂತ್ರಿಗಳಿಗಲ್ಲ.

ಈಗ ಹೊಸ ಕಾನೂನು ಬಂದಿದೆ. ದೊಡ್ಡ ರೆಸಾರ್ಟ್‌ಗಳು ಪ್ರತಿ ಪ್ರವಾಸಿಗೆ 500 ಡಾಲರ್ ಲೆಕ್ಕದಲ್ಲೋ, ವಿದೇಶಿ ಆದಾಯದ ಶೇಕಡ 20ರಷ್ಟೋ ಸ್ಥಳೀಯ ಬ್ಯಾಂಕಿನಲ್ಲಿ ಬದಲಾಯಿಸಿಕೊಳ್ಳಬೇಕು. ರೆಸಾರ್ಟ್ ಮಾಲೀಕರು ಗೊಣಗುತ್ತಿದ್ದಾರೆ. ನಾನು ಈ ಕಾನೂನಿನ ಪರ. ದ್ವೀಪ ದೇಶದ್ದು, ಸಮುದ್ರ ದೇಶದ್ದು, ಗಳಿಕೆಯ ಒಂದು ಪಾಲು ಮಾಲೆಗೆ ಬರಲೇಬೇಕು. ಆದರೆ ಇದರ ಜೊತೆ ಇನ್ನೊಂದು ಕೆಲಸ ಆಗಬೇಕು. ದ್ವೀಪವಾಗಲಿ, ನಿಲ್ದಾಣವಾಗಲಿ, ಬಂದರಾಗಲಿ, ದೊಡ್ಡ ಗುತ್ತಿಗೆಗಳೆಲ್ಲ ಬಹಿರಂಗ ಹರಾಜಿನಲ್ಲಿ ಹೋಗಲಿ. ಷರತ್ತುಗಳನ್ನು ಸಂಸತ್ತಿನ ಮುಂದಿಟ್ಟು, ವಿರೋಧ ಪಕ್ಷದ ಸಹಿಯನ್ನೂ ಪಡೆದು ಕೊಡಲಿ. ಹಾಗೆ ಕೊಟ್ಟ ಮಾತನ್ನು ಮುಂದಿನ ಅಧ್ಯಕ್ಷರು ಒಂದು ವಾರದಲ್ಲಿ ಹರಿದು ಹಾಕುವುದು ಅಷ್ಟು ಸುಲಭವಲ್ಲ.