ಭಾನುವಾರ ತಂದ ತರಕಾರಿ ಶನಿವಾರದವರೆಗೆ

ಕೇಳುಗರಿಗೆಲ್ಲ ನಮಸ್ಕಾರ.

ಕಾರವಾರದಲ್ಲಿ ಭಾನುವಾರ ಸಂತೆ. ನಮ್ಮ ಮನೆಗೆ ಇಡೀ ವಾರದ ತರಕಾರಿ ಬರುವುದು ಅವತ್ತೇ. ಘಟ್ಟದ ಮೇಲಿಂದ ಬಂದ ಕೋಸು, ಗಜ್ಜರಿ, ಟೊಮೆಟೊ ಒಂದು ಕಡೆ, ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ತಂದ ಹರಿವೆ, ಬಸಳೆ, ಬೆಂಡೆ, ಮೊಗೆಕಾಯಿ (ಮಂಗಳೂರು ಸೌತೆ) ಇನ್ನೊಂದು ಕಡೆ. ಎರಡು ಚೀಲ ತುಂಬಿಸಿಕೊಂಡು ಬರುವಾಗ ಖುಷಿಯಾಗುತ್ತದೆ. ಗುರುವಾರ ಫ್ರಿಜ್ಜಿನ ಬಾಗಿಲು ತೆಗೆದಾಗ ವಾಸನೆ ಬಂದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಬೆಳಗಿನ ಜಾವ ಎದ್ದು ಸೊಪ್ಪು ಕಿತ್ತು, ಕಟ್ಟು ಕಟ್ಟಿ, ಬಸ್ಸಿನಲ್ಲಿ ಹೊತ್ತು ತಂದವರ ಮುಖ ನೆನಪಾಗುತ್ತದೆ. ದುಡ್ಡು ಹೋದದ್ದಕ್ಕಿಂತ ಅದೇ ಜಾಸ್ತಿ ಬೇಜಾರು.

ತುಂಬಾ ವರ್ಷ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ಸಂತೆಯಿಂದ ಬಂದು, ಕವರ್ ಸಮೇತ ಎಲ್ಲವನ್ನೂ ಫ್ರಿಜ್ಜಿಗೆ ತುರುಕಿ, ಬಾಗಿಲು ಹಾಕಿ, ಸ್ನಾನಕ್ಕೆ ಹೋಗುವುದು. ತಪ್ಪಾಗುತ್ತಿದ್ದದ್ದು ಅಲ್ಲೇ. ಈಗ ಭಾನುವಾರ ಒಂದು ಗಂಟೆ ತರಕಾರಿಗೆಂದೇ ಇಡುತ್ತೇನೆ.

ತರಕಾರಿ ಕಿತ್ತ ಮೇಲೂ ಉಸಿರಾಡುತ್ತಾ ಇರುತ್ತದೆ. ತನ್ನೊಳಗಿನ ಸಕ್ಕರೆ ಖರ್ಚು ಮಾಡುತ್ತದೆ, ನೀರು ಬಿಡುತ್ತದೆ. ಕವರಿನ ಬಾಯಿ ಬಿಗಿದು ಕಟ್ಟಿದರೆ ಆ ನೀರು ಎಲ್ಲಿಗೆ ಹೋಗಬೇಕು? ಒಳಗೇ ಹನಿಹನಿಯಾಗಿ ನಿಲ್ಲುತ್ತದೆ, ಆ ಹನಿ ಬಿದ್ದ ಜಾಗದಿಂದಲೇ ಕೊಳೆಯುವುದು ಶುರು. ಹಾಗಂತ ಏನೂ ಮುಚ್ಚದೆ ಬಿಟ್ಟರೆ ಫ್ರಿಜ್ಜಿನ ಒಣಗಾಳಿಗೆ ಸೊಪ್ಪು ಬಾಡಿ ಹೋಗುತ್ತದೆ. ತರಕಾರಿಗೆ ತೇವ ಬೇಕು, ಮೈಮೇಲೆ ನೀರು ಮಾತ್ರ ಬೇಡ.

ಕೊತ್ತಂಬರಿ ಕಟ್ಟನ್ನೇ ತಗೊಳ್ಳಿ. ಬಿಗಿದು ಕಟ್ಟಿದ ದಾರ ಮೊದಲು ಬಿಚ್ಚಿ. ಹೊರಗೆ ಹಸಿರಾಗಿ ಕಾಣುತ್ತದೆ, ಆದರೆ ನಡುವೆ ಬೆರಳು ಹಾಕಿ ನೋಡಿದರೆ ಮೂರ್ನಾಲ್ಕು ಎಲೆ ಕಪ್ಪಾಗಿ ಲೋಳೆಲೋಳೆಯಾಗಿ ಅಂಟಿಕೊಂಡಿರುತ್ತವೆ. ಅಷ್ಟೇ ಸಾಕು, ಬುಧವಾರಕ್ಕೆ ಇಡೀ ಕಟ್ಟು ಹಾಳು. ಅವನ್ನು ತೆಗೆದು ಹಾಕಿ. ಬೇರು ಕತ್ತರಿಸಿ. ತೊಳೆಯಬೇಡಿ. ಹಳೇ ಪಂಚೆಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ ಸ್ಟೀಲ್ ಡಬ್ಬದಲ್ಲಿಡಿ. ಎರಡು ದಿನಕ್ಕೊಮ್ಮೆ ಬಟ್ಟೆ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ಬದಲಿಸಿ. ನಮ್ಮಲ್ಲಿ ಒಂದು ವಾರ ಆರಾಮಾಗಿ ಬರುತ್ತದೆ.

ಮಳೆಗಾಲದಲ್ಲಿ ಸೊಪ್ಪು ಸಂತೆಗೇ ಒದ್ದೆಯಾಗಿ ಬರುತ್ತದೆ, ಬಿಡಿ. ಆಗ ಕೋಣೆಯಲ್ಲಿ ಬಟ್ಟೆ ಹಾಸಿ, ಸೊಪ್ಪು ಹರವಿ, ಫ್ಯಾನ್ ಹಾಕಿ ಒಂದು ಗಂಟೆ ಆರಿಸಬೇಕು. ಈ ಕೆಲಸ ತಪ್ಪಿಸಿದರೆ ಮುಂದಿನದ್ದೆಲ್ಲ ದಂಡ. ಹಸಿಮೆಣಸಿಗೂ ಇದೇ ಕ್ರಮ. ತೊಟ್ಟು ತೆಗೆದು, ಒಣಗಿದ್ದನ್ನು ಮಾತ್ರ ಡಬ್ಬಕ್ಕೆ ಹಾಕಿ. ಗಜ್ಜರಿ, ಮೂಲಂಗಿಯ ಸೊಪ್ಪನ್ನು ಅವತ್ತೇ ಕತ್ತರಿಸಿ ಬೇರೆ ಇಡಿ, ಇಲ್ಲದಿದ್ದರೆ ಅದು ಗಡ್ಡೆಯ ನೀರನ್ನೆಲ್ಲ ಎಳೆದುಕೊಂಡು ಗಡ್ಡೆ ಬೆಂಡಾಗುತ್ತದೆ.

ಇನ್ನು ಫ್ರಿಜ್. ಎಲ್ಲದಕ್ಕೂ ಅದೇ ಮದ್ದು ಅಂದುಕೊಂಡಿದ್ದೇವಲ್ಲ, ಅದು ಸರಿಯಲ್ಲ. ಫ್ರಿಜ್ಜಿನೊಳಗೆ ಸುಮಾರು 4 ಡಿಗ್ರಿ ಇರುತ್ತದೆ. ಸೊಪ್ಪು, ಕೋಸು, ಗಜ್ಜರಿಗೆ ಆ ಚಳಿ ಹಿತ. ಆದರೆ ಬೆಂಡೆ, ಬದನೆ, ಸೌತೆ, ಟೊಮೆಟೊ ಎಲ್ಲ ಸೆಕೆಯ ಗಿಡಗಳ ಕಾಯಿ. ಸುಮಾರು 10 ಡಿಗ್ರಿಗಿಂತ ಕೆಳಗೆ ಇವಕ್ಕೆ ಆಗಿ ಬರುವುದಿಲ್ಲ. ಬೆಂಡೆಗೆ ಕಪ್ಪು ಕಲೆ ಬೀಳುತ್ತದೆ, ಸೌತೆ ಮೆತ್ತಗಾಗಿ ನೀರು ಬಿಡುತ್ತದೆ, ಟೊಮೆಟೊ ರುಚಿ ಕಳೆದುಕೊಳ್ಳುತ್ತದೆ. ಟೊಮೆಟೊ ಅರೆಗಾಯಿ ಇರುವಾಗಲೇ ಆರಿಸಿ ತಂದು, ತೊಟ್ಟಿನ ಕಡೆ ಕೆಳಗೆ ಮಾಡಿ ಬುಟ್ಟಿಯಲ್ಲಿ ಹರವಿ. ಪೂರ್ತಿ ಹಣ್ಣಾದ ಮೇಲೆ ಬೇಕಾದರೆ ಒಂದೆರಡು ದಿನ ಫ್ರಿಜ್ಜಿಗೆ. ನಮ್ಮೂರ ಸೆಕೆಯಲ್ಲಿ ಬೆಂಡೆಯನ್ನು ಹೊರಗೆ ಬಹಳ ದಿನ ಇಡಲಿಕ್ಕೂ ಆಗುವುದಿಲ್ಲ. ಅದಕ್ಕೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಟ್ರೇಯಲ್ಲಿಟ್ಟು ಮಂಗಳವಾರದೊಳಗೆ ಮುಗಿಸುತ್ತೇನೆ.

ಧಾರವಾಡದ ಕಡೆಯ ನೆಂಟರೊಬ್ಬರು ಒಂದು ಉಪಾಯ ಹೇಳಿದ್ದರು. ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿ. ಅವರ ಮನೆಯಲ್ಲಿ ಬೇಸಿಗೆಯಲ್ಲಿ ನಾನೇ ನೋಡಿದ್ದೇನೆ, ಬದನೆ ತಣ್ಣಗೆ ಗಟ್ಟಿಯಾಗಿತ್ತು. ಇಲ್ಲಿ ಬಂದು ಮಾಡಿದರೆ ನಾಲ್ಕೇ ದಿನಕ್ಕೆ ಬೂಷ್ಟು. ಕಾರಣ ಸರಳ. ನೀರು ಆವಿಯಾದರೆ ಮಾತ್ರ ತಂಪು, ಗಾಳಿ ಒಣಗಿದ್ದರೆ ಮಾತ್ರ ಆವಿ. ನಮ್ಮ ಕರಾವಳಿ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳುವುದೇ ಬೇಡ. ಬೇರೆ ಊರಿನ ಉಪಾಯ ಮಾಡುವ ಮೊದಲು ಆ ಊರಿನ ಗಾಳಿ ಹೇಗಿದೆ ಅಂತಲೂ ಕೇಳಬೇಕು ಅಲ್ವಾ?

ನಮ್ಮ ಕಡೆಯವರು ಮಾಡಿಕೊಂಡ ಉಪಾಯ ತೂಗುಹಾಕುವುದು. ಆಯಿ ಬೇಸಿಗೆಯಲ್ಲಿ ಬಲಿತ ಮೊಗೆಕಾಯಿ ಆರಿಸಿ, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಿ ಅಡುಗೆಮನೆಯ ಜಂತಿಗೆ ನೇತು ಹಾಕುತ್ತಿದ್ದಳು. ಒಂದಕ್ಕೊಂದು ತಾಗಬಾರದು, ನೆಲಕ್ಕೂ ತಾಗಬಾರದು, ಸುತ್ತಲೂ ಗಾಳಿ ಆಡಬೇಕು. ಆಷಾಢದ ಮಳೆಯಲ್ಲಿ ಸಂತೆಗೆ ಹೋಗಲಾಗದ ದಿನ ಒಂದನ್ನು ಇಳಿಸಿ ಹುಳಿ ಮಾಡುತ್ತಿದ್ದಳು. ಕುಮಟಾದ ಸಿಹಿ ಈರುಳ್ಳಿಯೂ ಹಾಗೆಯೇ. ಬೇಸಿಗೆಯಲ್ಲಿ ಹೆದ್ದಾರಿ ಬದಿ ಜಡೆ ಹೆಣೆದಂತೆ ಕಟ್ಟಿ ಮಾರುತ್ತಾರಲ್ಲ, ಆ ಗೊಂಚಲನ್ನು ಬಿಚ್ಚಿ ಬುಟ್ಟಿಗೆ ಸುರಿಯಬೇಡಿ, ಹಾಗೇ ತೂಗುಹಾಕಿ. ಆಲೂಗಡ್ಡೆಯನ್ನು ಮಾತ್ರ ಅದರ ಹತ್ತಿರ ಇಡಬೇಡಿ, ಎರಡೂ ಬೇಗ ಕೆಡುತ್ತವೆ. ಆಲೂಗಡ್ಡೆಗೆ ಕತ್ತಲೆ ಬೇಕು. ಬೆಳಕು ಬಿದ್ದರೆ ಸಿಪ್ಪೆ ಹಸಿರಾಗಿ ಕಹಿಯಾಗುತ್ತದೆ, ಅದನ್ನು ತಿನ್ನಬಾರದು.

ಬಾಳೆಗೊನೆ, ಮಾವು, ಪಪ್ಪಾಯಿಯ ಪಕ್ಕ ತರಕಾರಿ ಬುಟ್ಟಿ ಇಡಬೇಡಿ. ಹಣ್ಣಾಗುವಾಗ ಇವು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಅದು ತಾಗಿದರೆ ಸೊಪ್ಪು ಹಳದಿಯಾಗುತ್ತದೆ, ಸೌತೆಯೂ ಬೇಗ ಹಣ್ಣಾಗುತ್ತದೆ. ಮೇ ತಿಂಗಳಲ್ಲಿ ಕರಿ ಇಶಾಡ ಮಾವು ಮನೆಗೆ ಬಂದರೆ ನಾನು ಅದನ್ನು ಬೇರೆ ಕೋಣೆಯಲ್ಲೇ ಹಣ್ಣಿಗೆ ಹಾಕುತ್ತೇನೆ.

ಇಷ್ಟೆಲ್ಲ ಮಾಡಿದರೂ ಬೇಯಿಸುವ ಸರದಿ ತಪ್ಪಿದರೆ ಉಪಯೋಗವಿಲ್ಲ. ಭಾನುವಾರ, ಸೋಮವಾರ ಹರಿವೆ, ಬಸಳೆ. ಮಂಗಳವಾರ ಬೆಂಡೆ, ಬುಧವಾರ ಹೀರೆ ಇಲ್ಲವೇ ತೊಂಡೆ. ಆಮೇಲೆ ಬದನೆ, ಕೋಸು, ಗಜ್ಜರಿ. ಶನಿವಾರಕ್ಕೆ ಮೊಗೆಕಾಯಿ, ಸಿಹಿಗುಂಬಳ, ಸುವರ್ಣಗಡ್ಡೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವಾಗ ಈ ಸರದಿಯೇ ನಮ್ಮನ್ನು ಉಳಿಸಿದೆ. ಫ್ರಿಜ್ ನಂಬಿಕೊಂಡ ತರಕಾರಿ ಅಷ್ಟರಲ್ಲಿ ಮುಗಿದಿರುತ್ತದೆ.

ಕುಂಬಳಕಾಯಿ ಕತ್ತರಿಸಿ ಅರ್ಧ ಉಳಿದರೆ, ಬೀಜ ಮತ್ತು ತಿರುಳನ್ನು ಚಮಚದಲ್ಲಿ ಕೆರೆದು ತೆಗೆದೇ ಇಡಿ, ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಶನಿವಾರ ರಾತ್ರಿ ಫ್ರಿಜ್ಜಿನ ತರಕಾರಿ ಟ್ರೇ ಹೊರಗೆ ತೆಗೆದು, ತೊಳೆದು, ಚೆನ್ನಾಗಿ ಒರೆಸಿ, ತಳಕ್ಕೆ ಒಣ ಬಟ್ಟೆ ಹಾಸಿ. ಕಳೆದ ವಾರದ ಒಂದು ಕೊಳೆತ ಎಲೆ ಮೂಲೆಯಲ್ಲಿ ಅಂಟಿಕೊಂಡಿದ್ದರೂ ನಾಳೆ ತರುವ ಸೊಪ್ಪಿಗೆ ಅದರ ಬೂಷ್ಟು ಹತ್ತುತ್ತದೆ.

ನಮಸ್ಕಾರ.