ಸಾಕುಹಾವಿನ ಗೂಡಿನಲ್ಲಿ ಆಯ್ಕೆಗೆ ಜಾಗವಿರಲಿ

ಎಲ್ಲರಿಗೂ ನಮಸ್ಕಾರ.

ನಾನು ಪಶುವೈದ್ಯೆ. ಬೆಂಗಳೂರಿನಲ್ಲಿ ನಾಯಿ, ಬೆಕ್ಕುಗಳ ಜೊತೆಗೆ ಹಾವುಗಳಿಗೂ ಚಿಕಿತ್ಸೆ ನೀಡುತ್ತೇನೆ. ನನ್ನ ಬಳಿಗೆ ಬರುವ ಸಾಕುಹಾವುಗಳಲ್ಲಿ ಹೆಚ್ಚಿನವುಗಳ ಕಾಯಿಲೆಯ ಮೂಲ ಅವು ವಾಸಿಸುವ ಪೆಟ್ಟಿಗೆಯಲ್ಲೇ ಇರುತ್ತದೆ. ಔಷಧಿ ಕೊಟ್ಟು ಕಳಿಸಿದರೂ ಅದೇ ಪೆಟ್ಟಿಗೆಗೆ ಮರಳಿದ ಹಾವು ಅದೇ ಕಾಯಿಲೆ ಹೊತ್ತು ಮತ್ತೆ ಬರುತ್ತದೆ. ಆದ್ದರಿಂದ ಇವತ್ತು ಔಷಧಿಯ ಮಾತು ಬದಿಗಿಟ್ಟು ಗೂಡಿನ ಬಗ್ಗೆಯೇ ಮಾತನಾಡುತ್ತೇನೆ.

ಅದಕ್ಕೂ ಮೊದಲು ಕಾನೂನಿನ ಮಾತು. ನಾಗರಹಾವು, ಕೇರೆ, ಹೆಬ್ಬಾವು, ಎರಡು ತಲೆಯ ಹಾವೆಂದು ಜನ ಕರೆಯುವ ಮಣ್ಣುಮುಕ್ಕ, ಇವೆಲ್ಲ ನಮ್ಮ ನೆಲದ ಹಾವುಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಮನೆಯಲ್ಲಿ ಸಾಕುವುದು ಅಪರಾಧ. ತೋಟದಲ್ಲಿ ಸಿಕ್ಕಿದ ಮರಿ, ಪಾಪ ಅನ್ನಿಸಿತು ಎಂಬ ಕಾರಣವೂ ಅಲ್ಲಿ ನಡೆಯುವುದಿಲ್ಲ. ವಿದೇಶಿ ಹಾವುಗಳ ವಿಚಾರ ಬೇರೆ. ಆಫ್ರಿಕಾದ ಹೆಬ್ಬಾವಾದ ಬಾಲ್ ಪೈಥಾನ್‌ನಂತಹ, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳು ಕಾಯ್ದೆಯ 2022ರ ತಿದ್ದುಪಡಿಯಿಂದ ನಾಲ್ಕನೇ ಅನುಸೂಚಿಗೆ ಸೇರಿವೆ. 2024ರ ನಿಯಮಗಳ ಪ್ರಕಾರ ಅಂಥ ಹಾವು ನಿಮ್ಮಲ್ಲಿದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಮಾರುವವರು ಕಾಗದ ತೋರಿಸದಿದ್ದರೆ ಅಲ್ಲಿಂದ ಎದ್ದು ಬನ್ನಿ. 2024ರ ಏಪ್ರಿಲ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 10 ಹಳದಿ ಅನಕೊಂಡಗಳು ಸಿಕ್ಕವು. ಬಟ್ಟೆಬರೆಯ ನಡುವೆ ತುರುಕಿ ತರುವ ಈ ದಂಧೆ ನಿಲ್ಲಬೇಕಾದರೆ ಕೊಳ್ಳುವವರು ಕೈ ಹಿಂತೆಗೆಯಬೇಕು. ಈ ವಿಷಯದಲ್ಲಿ ನನಗೆ ಸ್ವಲ್ಪವೂ ರಾಜಿಯಿಲ್ಲ.

ಇನ್ನು ಗೂಡು. ನನ್ನನ್ನು ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಡಾಕ್ಟ್ರೇ, ಎಷ್ಟು ಅಡಿಯ ಟ್ಯಾಂಕ್ ತರಬೇಕು?" ಅಡಿಯ ಲೆಕ್ಕಕ್ಕೆ ಆಮೇಲೆ ಬರೋಣ. ಮೊದಲು ನೋಡಬೇಕಾದದ್ದು ಆ ಗೂಡಿನೊಳಗೆ ಹಾವಿಗೆ ಎಷ್ಟು ಆಯ್ಕೆಗಳಿವೆ ಎನ್ನುವುದನ್ನು.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಲ್ಲಿ ಅದು ಹಗಲೆಲ್ಲ ಇಲಿ ಬಿಲಗಳಲ್ಲಿ, ಗೆದ್ದಲಿನ ಹುತ್ತಗಳಲ್ಲಿ ಕಳೆಯುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವುದು ನಮಗೆ ಹೊಸ ಸಂಗತಿಯಲ್ಲ. ಆದರೆ ಅದು ಯಾಕೆ ಸೇರುತ್ತದೆ ಎಂದು ಯೋಚಿಸಿ ನೋಡಿ. ಹೊರಗೆ ನೆಲ ಸುಡುತ್ತಿರುವಾಗ ಹುತ್ತದ ಒಳಗೆ ತಂಪು, ಹೊರಗಿನ ಗಾಳಿ ಒಣಗಿರುವಾಗ ಒಳಗೆ ತೇವ. ಬಾಯಿಯ ಹತ್ತಿರ ಬಂದರೆ ಬಿಸಿ, ಆಳಕ್ಕಿಳಿದರೆ ತಂಪು. ಹಾವು ತನ್ನ ಮೈಯ ಶಾಖವನ್ನು ನಮ್ಮ ಹಾಗೆ ಒಳಗಿನಿಂದ ಕಾಯ್ದುಕೊಳ್ಳಲಾರದು. ಜಾಗ ಬದಲಿಸುವುದೊಂದೇ ಅದಕ್ಕಿರುವ ಉಪಾಯ. ತಿಂದದ್ದು ಅರಗಬೇಕಾದಾಗ ಬಿಸಿಲಿನ ಕಡೆಗೆ, ಸಾಕೆನಿಸಿದಾಗ ನೆರಳಿಗೆ. ನಾವು ಅದನ್ನು ತಂದು ಒಂದೇ ಶಾಖದ ಪೆಟ್ಟಿಗೆಯಲ್ಲಿಟ್ಟರೆ ಆ ಉಪಾಯವನ್ನೇ ಕಿತ್ತುಕೊಂಡಂತೆ.

ಆದ್ದರಿಂದ ಗೂಡಿನ ಒಂದು ತುದಿ ಬೆಚ್ಚಗಿರಬೇಕು, ಇನ್ನೊಂದು ತುದಿ ತಂಪಾಗಿರಬೇಕು. ಬಾಲ್ ಪೈಥಾನ್‌ಗೆ ಬೆಚ್ಚನೆಯ ಕಡೆ 31ರಿಂದ 33 ಡಿಗ್ರಿ, ತಂಪು ಕಡೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆ ಸಾಕು. ಗೂಡು ತೀರಾ ಚಿಕ್ಕದಾದರೆ ಈ ವ್ಯತ್ಯಾಸ ಉಳಿಯುವುದೇ ಇಲ್ಲ, ಪೂರ್ತಿ ಪೆಟ್ಟಿಗೆಯೇ ಬಿಸಿಯೇರಿಬಿಡುತ್ತದೆ. ಅಳತೆ ಮುಖ್ಯವಾಗುವುದು ಮೊದಲು ಇಲ್ಲಿ.

ಸುಟ್ಟ ಹೊಟ್ಟೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾವನ್ನು ಮಗುಚಿ ಹಿಡಿದಾಗ ಹೊಟ್ಟೆಯ ಅಗಲವಾದ ಹುರುಪೆಗಳು ಮೊದಲು ಗುಲಾಬಿ, ಆಮೇಲೆ ಕಂದು. ಅಂಚುಗಳು ಮೇಲೆದ್ದು ಅಡಿಯಲ್ಲಿ ನೀರು ತುಂಬಿರುತ್ತದೆ. ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ, ಗೂಡಿನ ಅಡಿಗೆ ಹಾಸುವ ಹೀಟ್ ಮ್ಯಾಟ್‌ನ ಮೇಲ್ಮೈ 45 ಡಿಗ್ರಿಯನ್ನೂ ದಾಟಬಲ್ಲದು. "ಸುಡುತ್ತಿದ್ದರೆ ಅದು ಸರಿದುಹೋಗಬಾರದಿತ್ತೇ?" ಎಂದು ಮಾಲೀಕರು ಕೇಳುತ್ತಾರೆ. ಪೆಟ್ಟಿಗೆಯ ಉಳಿದ ಭಾಗವೆಲ್ಲ ಕೊರೆಯುತ್ತಿದ್ದರೆ ಅದು ಎಲ್ಲಿಗೆ ಸರಿಯಬೇಕು? ಬಿಸಿಯಿರುವುದು ಅದೊಂದೇ ಜಾಗದಲ್ಲಿ. ಅಲ್ಲೇ ಮಲಗಿ ಸುಟ್ಟುಕೊಳ್ಳುತ್ತದೆ. ಹೀಟ್ ಮ್ಯಾಟ್ ಆಗಲಿ, ಸೆರಾಮಿಕ್ ಹೀಟರ್ ಆಗಲಿ, ಥರ್ಮೋಸ್ಟಾಟ್ ಇಲ್ಲದೆ ಬೇಡ. ಮೇಲಿನಿಂದ ಶಾಖ ಕೊಡುವುದಾದರೆ ಹಾವು ಸುತ್ತಿಕೊಳ್ಳದಂತೆ ಸುತ್ತ ತಂತಿ ಜಾಲರಿ ಇರಲಿ. ಅಂಗಡಿಯಲ್ಲಿ ಸಿಗುವ, ಕರೆಂಟಿನಿಂದ ಕಾಯುವ ಬಿಸಿ ಕಲ್ಲುಗಳನ್ನು ಮುಟ್ಟಲೂ ಬೇಡಿ.

ಬೆಂಗಳೂರಿನ ಹವೆ ಹಿತವಾದದ್ದು, ಹೀಟರ್ ಯಾಕೆ ಎನ್ನುವವರಿದ್ದಾರೆ. ನಮಗೆ ಹಿತ, ನಿಜ. 900 ಮೀಟರ್ ಎತ್ತರದ ಈ ಊರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು 15, 16 ಡಿಗ್ರಿಗೆ ಇಳಿಯುತ್ತವೆ. ಊಟ ಮಾಡಿದ ಹಾವನ್ನು ಆ ಚಳಿಯಲ್ಲಿಟ್ಟರೆ ತಿಂದ ಇಲಿ ಹೊಟ್ಟೆಯಲ್ಲೇ ಕೊಳೆತು ವಾಂತಿಯಾಗುತ್ತದೆ. ಚಳಿ ಹಾಗೇ ಮುಂದುವರಿದರೆ ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಶ್ವಾಸಕೋಶದ ಸೋಂಕು. ಇತ್ತ 2024ರ ಏಪ್ರಿಲ್‌ನಲ್ಲಿ ಇದೇ ಊರು 38 ಡಿಗ್ರಿ ದಾಟಿತ್ತು. ಪಶ್ಚಿಮದ ಕಿಟಕಿಯ ಪಕ್ಕ, ಬಾಲ್ಕನಿಯಲ್ಲಿ ಇಟ್ಟ ಗಾಜಿನ ಟ್ಯಾಂಕ್ ಸಂಜೆ ಬಿಸಿಲಿಗೆ ಕಾದರೆ ಒಳಗಿರುವ ಜೀವ ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ಗೂಡನ್ನು ನೇರ ಬಿಸಿಲು ಬೀಳದ ಒಳಗೋಡೆಯ ಬಳಿ, ನೆಲದಿಂದ ಮೇಲೆತ್ತಿ, ಟಿವಿ ಸ್ಪೀಕರ್‌ಗಳಿಂದ ದೂರ ಇಡಿ.

ಇನ್ನು ತೇವಾಂಶ. ಮಳೆಗಾಲದಲ್ಲಿ ಇದರ ಚಿಂತೆಯಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ತುಟಿಗಳೇ ಒಡೆಯುತ್ತವೆ. ಆಗಲೇ ಪೊರೆ ಸರಿಯಾಗಿ ಬಿಡದ ಹಾವುಗಳು ಕ್ಲಿನಿಕ್ಕಿಗೆ ಬರಲಾರಂಭಿಸುತ್ತವೆ. ಆರೋಗ್ಯವಂತ ಹಾವಿನ ಪೊರೆ ಕಾಲುಚೀಲ ಕಳಚಿದಂತೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಬರುತ್ತದೆ. ಅದನ್ನು ಬೆಳಕಿಗೆ ಹಿಡಿದು ತಲೆಯ ಭಾಗ ನೋಡಿ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೆ ಪಾರದರ್ಶಕ ಹುರುಪೆಯೊಂದಿದೆ, ಅದೂ ಪೊರೆಯ ಜೊತೆ ಕಳಚಬೇಕು. ಎರಡು ಪುಟ್ಟ ಗುಂಡನೆಯ ಬಿಲ್ಲೆಗಳು ಪೊರೆಯಲ್ಲಿ ಕಂಡರೆ ಸಮಾಧಾನ. ಅಲ್ಲಿ ತೂತಿದ್ದರೆ ಆ ಬಿಲ್ಲೆ ಕಣ್ಣಿನ ಮೇಲೇ ಉಳಿದಿದೆ ಎಂದರ್ಥ. ಚಿಮಟಿಗೆಯಿಂದ ಕೀಳಲು ಹೋಗಬೇಡಿ, ಕಣ್ಣೇ ಹೋಗಬಹುದು. ಬಾಲ್ ಪೈಥಾನ್‌ಗೆ ಶೇ 60ರ ಆಸುಪಾಸಿನ ತೇವಾಂಶ ಬೇಕು.

ಈ ಕಾರಣಕ್ಕೇ ಮೀನಿನ ಟ್ಯಾಂಕ್ ನನಗೆ ಒಪ್ಪಿಗೆಯಿಲ್ಲ. ಶಿವಾಜಿನಗರದಲ್ಲಿ ಅಗ್ಗಕ್ಕೆ ಸಿಗುತ್ತದೆ, ನೋಡಲು ಚೆಂದ. ಆದರೆ ಮೇಲೆ ಜಾಲರಿ ಮುಚ್ಚಳ ಹಾಕಿದಾಗ ಶಾಖವೂ ತೇವವೂ ಅಲ್ಲಿಂದಲೇ ಹಾರಿಹೋಗುತ್ತವೆ. ನಾಲ್ಕು ಕಡೆಯೂ ಬಯಲು, ಹಾವಿಗೆ ಮರೆಯಿಲ್ಲ. ಮೇಲಿನಿಂದ ಕೈ ಇಳಿಸಿದಾಗ ಹದ್ದು ಎರಗಿದ ಹಾಗೆ ಅದು ಬೆದರುತ್ತದೆ. ಮುಂದಿನಿಂದ ತೆರೆಯುವ, ಮೂರು ಕಡೆ ಮುಚ್ಚಿದ ಪೆಟ್ಟಿಗೆ ಎಲ್ಲ ರೀತಿಯಲ್ಲೂ ಮೇಲು. ಸಿದ್ಧ ಪಿವಿಸಿ ಪೆಟ್ಟಿಗೆ ದುಬಾರಿ ಅನ್ನಿಸಿದರೆ ನಿಮ್ಮ ಬಡಾವಣೆಯ ಬಡಗಿಯೇ ವಾಟರ್‌ಪ್ರೂಫ್ ಪ್ಲೈವುಡ್‌ನಲ್ಲಿ ಮಾಡಿಕೊಡುತ್ತಾರೆ. ಸಂದುಗಳಿಗೆ ಸಿಲಿಕೋನ್ ತುಂಬಿಸಿ, ಒಳಗೆ ನೀರು ಹೀರದ ಲೇಪ ಬಳಿಸಿ, ಪಾಲಿಶ್ ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಡಿ. ಎರಡು ಬದಿಗಳಲ್ಲಿ ಸಣ್ಣ ಗಾಳಿಕಿಂಡಿಗಳು ಸಾಕು.

ಬೀಗ ಮಾತ್ರ ಮರೆಯಬೇಡಿ. ಜಾರು ಗಾಜಿನ ಎರಡು ಹಲಗೆಗಳು ಒಂದರ ಮೇಲೊಂದು ಬರುವಲ್ಲಿ ಇರುವ ಸಂದಿ, ವೈರ್ ಹೋಗುವ ತೂತು, ಇವೇ ತಪ್ಪಿಸಿಕೊಳ್ಳುವ ದಾರಿಗಳು. ತಲೆ ತೂರಿದರೆ ಮೈಯೂ ತೂರುತ್ತದೆ. ಕಾರ್ನ್ ಸ್ನೇಕ್ ಮರಿ ಪೆನ್ಸಿಲ್‌ಗಿಂತ ದಪ್ಪವಿರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಅದು ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಕಂಡರೆ, ವಿಷವಿಲ್ಲದ ಹಾವು ಎಂದು ಯಾರೂ ವಿಚಾರಿಸುವುದಿಲ್ಲ, ಪೊರಕೆಯಲ್ಲಿ ಮುಗಿಸಿಬಿಡುತ್ತಾರೆ.

ಈಗ ಅಳತೆ. ಹಾವು ಪೂರ್ತಿ ಮೈ ಚಾಚಿ ನೇರವಾಗಿ ಮಲಗಲು ಸಾಧ್ಯವಾಗಬೇಕು. ಬೆಳೆದ ಹೆಣ್ಣು ಬಾಲ್ ಪೈಥಾನ್ 120ರಿಂದ 150 ಸೆಂಟಿಮೀಟರ್ ಆಗುತ್ತದೆ. ಆದ್ದರಿಂದ 120 ಸೆಂ.ಮೀ. ಉದ್ದ, 60 ಅಗಲ, 60 ಎತ್ತರ ಎಂದರೆ ತೀರಾ ಕನಿಷ್ಠ. ಹಾವು ಅದಕ್ಕಿಂತ ಉದ್ದ ಬೆಳೆದರೆ, ಅಥವಾ ಮನೆಯಲ್ಲಿ ಜಾಗವಿದ್ದರೆ, ಐದು ಅಡಿ ಮಾಡಿಸಿ. ದೊಡ್ಡ ಗೂಡಿನಲ್ಲಿ ಹಾವು ಹೆದರಿ ಊಟ ಬಿಡುತ್ತದೆ ಎಂಬ ಮಾತು ನೀವೂ ಕೇಳಿರಬಹುದು. ಅದನ್ನು ಹೆದರಿಸುವುದು ಬಯಲು. ದೊಡ್ಡ ಗೂಡಿನೊಳಗೆ ಮರೆಗಳನ್ನು ತುಂಬಿ, ಹಾವು ಧೈರ್ಯವಾಗಿ ಓಡಾಡುತ್ತದೆ. ಬೆಚ್ಚನೆಯ ತುದಿಯಲ್ಲಿ ಒಂದು ಅಡಗುತಾಣ, ತಂಪು ತುದಿಯಲ್ಲಿ ಇನ್ನೊಂದು. ಒಂದೇ ಇಟ್ಟರೆ ಶಾಖ ಬೇಕೋ ರಕ್ಷಣೆ ಬೇಕೋ ಎಂಬ ಇಕ್ಕಟ್ಟಿಗೆ ಹಾವು ಸಿಲುಕುತ್ತದೆ.

ಅಡಗುತಾಣಕ್ಕೆ ದುಡ್ಡು ಸುರಿಯಬೇಕಿಲ್ಲ. ಹಳೆ ಮನೆ ಕೆಡವಿದ ಕಡೆ ಸಿಗುವ ಮಂಗಳೂರು ಹೆಂಚನ್ನು ತೊಳೆದು ಒಣಗಿಸಿ, ಎರಡು ಚಪ್ಪಟೆ ಕಲ್ಲುಗಳ ಮೇಲೆ ಅಲುಗಾಡದಂತೆ ಕೂರಿಸಿ. ಸುತ್ತಿಕೊಂಡ ಹಾವಿನ ಬೆನ್ನಿಗೆ ಹೆಂಚು ತಾಗುವಷ್ಟು ಇಕ್ಕಟ್ಟಾಗಿರಲಿ, ಅದಕ್ಕೆ ಇಷ್ಟವಾಗುವುದು ಅದೇ. ಮರಿಗಾದರೆ ಬಾಯಿ ಒಡೆದ ಪುಟ್ಟ ಮಡಕೆ ಸಾಕು, ಒಡೆದ ಅಂಚನ್ನು ಉಜ್ಜಿ ನುಣುಪು ಮಾಡಿ. ನೆಲಕ್ಕೆ ತೆಂಗಿನ ನಾರಿನ ಪುಡಿ ಹಾಸಿ, ತೇವವನ್ನು ಚೆನ್ನಾಗಿ ಹಿಡಿದಿಡುತ್ತದೆ. ದೇವದಾರಿನ ಹೊಟ್ಟು ಬೇಡ, ಅದರ ಎಣ್ಣೆ ಹಾವಿಗೆ ವಿಷ. ಇರುವೆ ಬಂದಿತೆಂದು ಗೂಡಿನ ಸುತ್ತ ಕೀಟನಾಶಕದ ಸೀಮೆಸುಣ್ಣ ಎಳೆಯುವುದೂ ಬೇಡ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟರೆ ಸಾಕು. ಮಗುಚಿಬೀಳದ, ಭಾರವಾದ ನೀರಿನ ಬೋಗುಣಿಯೊಂದು ಒಳಗೆ ಸದಾ ಇರಲಿ.

ಇಷ್ಟೆಲ್ಲ ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಬಾಲ್ ಪೈಥಾನ್ 20, 30 ವರ್ಷ ಬದುಕುವ ಪ್ರಾಣಿ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣು 2020ರಲ್ಲಿ, 60 ದಾಟಿದ ವಯಸ್ಸಿನಲ್ಲಿ, ಮೊಟ್ಟೆಯಿಟ್ಟಿತು. ನೀವು ಇವತ್ತು ಮಾಡಿಸುವ ಪೆಟ್ಟಿಗೆ ಆ ಜೀವದ ಇಡೀ ಜಗತ್ತಾಗಬಹುದು.

ಕೊನೆಯದಾಗಿ ಒಂದು ಕೋರಿಕೆ. ಹಾವಿಗಿಂತ ಮೊದಲು ಗೂಡು ತನ್ನಿ. ಹೀಟರ್ ಹಾಕಿ, ಎರಡೂ ತುದಿಗಳಲ್ಲಿ ಥರ್ಮಾಮೀಟರ್ ಇಟ್ಟು, ಎರಡು ವಾರ ಖಾಲಿ ಗೂಡನ್ನೇ ಸಾಕಿ. ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿಯ ಅಂಕಿಗಳನ್ನು ಬರೆದಿಡಿ. ಒಂದು ರಾತ್ರಿ ಬೇಕೆಂದೇ ಸ್ವಿಚ್ ಆರಿಸಿ, ಕರೆಂಟ್ ಹೋದಾಗ ಎಷ್ಟು ಹೊತ್ತಿಗೆ ತಣ್ಣಗಾಗುತ್ತದೆ ನೋಡಿ. ಥರ್ಮೋಸ್ಟಾಟ್‌ಗೆ ಯುಪಿಎಸ್ ಸಂಪರ್ಕ ಬೇಕೇ ಬೇಡವೇ ಎಂಬುದು ಆಗ ತಿಳಿಯುತ್ತದೆ. ಆ ಚೀಟಿಯನ್ನು ನನಗೆ ತಂದು ತೋರಿಸಿ, ಹಾವಿನ ವಿಚಾರ ಆಮೇಲೆ ಕುಳಿತು ಮಾತನಾಡೋಣ.