ಬೆಳಕನ್ನ ಹಿಂಡಿದ್ರೆ ಬಿಸಿ ಬರುತ್ತೆ, ಆ ಬಿಸಿ ಯಾರಿಗೆ ಬೇಕು?

ನಮಸ್ಕಾರ. ನ್ಯಾನೊ ಆಪ್ಟಿಕ್ಸ್, ಅಂದ್ರೆ ಬೆಳಕಿನ ಅಲೆಗಿಂತ ಸಣ್ಣ ರಚನೆಗಳಿಂದ ಬೆಳಕನ್ನ ಆಡಿಸೋ ವಿದ್ಯೆ, ಇದರ ಬಗ್ಗೆ ಯಾವ ಸಂಶೋಧನಾ ಪ್ರಸ್ತಾವ ತೆಗೆದು ನೋಡಿದ್ರೂ ಮೊದಲ ಪ್ಯಾರಾದಲ್ಲೇ ಮೂರು ಹೆಸರು ಜೊತೆಜೊತೆಗೆ ಬರುತ್ತವೆ: ಸೋಲಾರ್, ಇಮೇಜಿಂಗ್, ಡೇಟಾ ಸ್ಟೋರೇಜ್. ವಿದ್ಯೆ ಒಂದು, ಫಲ ಮೂರು ಅನ್ನೋ ಧಾಟಿ. ಈ ಮೂರನ್ನ ಒಂದೇ ಉಸಿರಲ್ಲಿ ಹೇಳೋದು ನಿಲ್ಲಿಸಬೇಕು ಅನ್ನೋದು ಇವತ್ತಿನ ವಾದ. ಯಾಕಂದ್ರೆ ಇಷ್ಟು ವರ್ಷದ ಫಲಿತಾಂಶ ನಮ್ಮ ಮುಂದಿದೆ. ಒಂದು ಕಡೆ ಗೆದ್ದಾಯ್ತು, ಒಂದು ಕಡೆ ಸೋತಾಯ್ತು, ಮತ್ತೊಂದು ಕಡೆ ಬೇರೆ ದಾರಿಯವರು ಬಂದು ಬಹುಮಾನ ತಗೊಂಡು ಹೋದ್ರು. ಗೆಲುವು ಸೋಲು ಎರಡರ ಹಿಂದೆಯೂ ಇರೋದು ಲೋಹದಲ್ಲಿ ಹುಟ್ಟೋ ಬಿಸಿ.

ಮೊದಲು ಭೌತಶಾಸ್ತ್ರ, ಎರಡೇ ಮಾತಲ್ಲಿ. ಲೆನ್ಸಿನಿಂದ ಬೆಳಕನ್ನ ಎಷ್ಟು ಸಣ್ಣ ಚುಕ್ಕೆಗೆ ಇಳಿಸಬಹುದು ಅನ್ನೋದಕ್ಕೆ ಒಂದು ಮಿತಿ ಇದೆ ಅಂತ 1873ರಲ್ಲೇ ಅರ್ನ್ಸ್ಟ್ ಅಬೆ ತೋರಿಸಿದ್ರು. 550 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್) ತರಂಗಾಂತರದ ಹಸಿರು ಬೆಳಕು, ಎಣ್ಣೆ ಹಾಕಿ ಬಳಸೋ ಒಳ್ಳೆಯ ಮೈಕ್ರೋಸ್ಕೋಪ್ ಲೆನ್ಸು, ಎಲ್ಲ ಸರಿ ಇದ್ರೂ ಸುಮಾರು 200 ನ್ಯಾನೊಮೀಟರಿಗೆ ನಿಲ್ಲುತ್ತೆ. ಚಿನ್ನ, ಬೆಳ್ಳಿಯ ಸಣ್ಣ ಕಣಗಳು ಈ ಮಿತಿಯನ್ನ ದಾಟಿಸುತ್ತವೆ. ಬೆಳಕಿನ ಅಲೆಗೆ ಲೋಹದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿದಾಗ ಕಣದ ಮೈಗೆ ಅಂಟಿಕೊಂಡ ಹಾಗೆ, ಹತ್ತಾರು ನ್ಯಾನೊಮೀಟರ್ ಜಾಗದಲ್ಲಿ ಭಾರಿ ತೀವ್ರತೆಯ ಕ್ಷೇತ್ರ ಹುಟ್ಟುತ್ತೆ. ಇದೇ ಪ್ಲಾಸ್ಮಾನಿಕ್ಸ್. ಆದ್ರೆ ಆ ತೂಗಾಟ ಹತ್ತಾರು ಫೆಮ್ಟೊಸೆಕೆಂಡಿನೊಳಗೆ ಚದುರಿ ಹೋಗುತ್ತೆ. ಮರಳಿ ಬೆಳಕಾಗಿ ಹೊರಗೆ ಹೋಗದ ಪಾಲೆಲ್ಲ ಕೆಲವೇ ಪಿಕೊಸೆಕೆಂಡಿನಲ್ಲಿ (ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲು; ಫೆಮ್ಟೊ ಅದರ ಸಾವಿರದ ಒಂದು ಪಾಲು) ಲೋಹದ ಬಿಸಿ ಆಗಿರುತ್ತೆ. ಪೋಸ್ಟರುಗಳಲ್ಲಿ ಕೆಂಪು ಹಳದಿ ಬಣ್ಣದಲ್ಲಿ ಹೊಳೆಯೋದು ಕ್ಷೇತ್ರದ ಚಿತ್ರ. ಬಿಸಿಯ ಚಿತ್ರವನ್ನ ಯಾರೂ ಹಾಕಲ್ಲ.

ಗೆದ್ದದ್ದು ಹಾರ್ಡ್ ಡಿಸ್ಕ್. ಅಲ್ಲಿ ಇದ್ದ ಸಮಸ್ಯೆ ಇದು. ಡಿಸ್ಕಿನ ಮೇಲೆ ಜಾಸ್ತಿ ಬಿಟ್ ಹಿಡಿಸಬೇಕು ಅಂದ್ರೆ ಕಾಂತೀಯ ಕಣಗಳು ಚಿಕ್ಕದಾಗಬೇಕು. ತೀರಾ ಚಿಕ್ಕದಾದ್ರೆ ಕೋಣೆಯ ಬಿಸಿಗೇ ಅವು ತಾವಾಗಿ ದಿಕ್ಕು ಬದಲಿಸುತ್ತವೆ, ಡೇಟಾ ಅಳಿಸಿ ಹೋಗುತ್ತೆ. ಹಾಗಾಗದಂತೆ ಕಬ್ಬಿಣ-ಪ್ಲಾಟಿನಂ ಥರದ ಹಠಮಾರಿ ವಸ್ತು ತಗೊಂಡ್ರೆ ಬರೆಯೋ ಹೆಡ್ಡಿನ ಕಾಂತಕ್ಷೇತ್ರಕ್ಕೆ ಅದು ಬಗ್ಗೋದೇ ಇಲ್ಲ. ಪರಿಹಾರ: ಬರೆಯೋ ಕ್ಷಣದಲ್ಲಿ ಮಾತ್ರ ಆ ಚುಕ್ಕೆಯನ್ನ ಸುಮಾರು 400ರಿಂದ 450 ಡಿಗ್ರಿಗೆ ಕಾಯಿಸೋದು, ಮೆತ್ತಗಾದಾಗ ಬರೆಯೋದು, ನ್ಯಾನೊಸೆಕೆಂಡಿನ ಆಸುಪಾಸಲ್ಲಿ ತಣ್ಣಗಾಗಲು ಬಿಡೋದು. ಪಕ್ಕದ ಟ್ರ್ಯಾಕ್ ಅಳಿಸಬಾರದು, ಹಾಗಾಗಿ ಬಿಸಿ ಚುಕ್ಕೆ ಹತ್ತಾರು ನ್ಯಾನೊಮೀಟರಿಗಿಂತ ದೊಡ್ಡದಾಗಬಾರದು. ಯಾವ ಲೆನ್ಸಿಗೂ ಇದು ಸಾಧ್ಯ ಇಲ್ಲ. ಅದಕ್ಕೇ ಹೆಡ್ಡಿನ ಮೇಲೆ ಒಂದು ಸಣ್ಣ ಲೇಸರ್ ಡಯೋಡ್, ಅದರಿಂದ ಬೆಳಕು ತರೋ ವೇವ್‌ಗೈಡ್, ತುದಿಯಲ್ಲಿ ಚಿನ್ನದ ಆಂಟೆನಾ. ಸೀಗೇಟ್ ಕಂಪನಿಯವರು 2009ರಲ್ಲಿ ಪ್ರಕಟಿಸಿದ ವಿನ್ಯಾಸ ಲಾಲಿಪಾಪ್ ಆಕಾರದ್ದು, ಅದರ ಕಡ್ಡಿಯ ಅಗಲ ಸುಮಾರು 50 ನ್ಯಾನೊಮೀಟರ್.

2012ರಲ್ಲಿ ಚದರ ಇಂಚಿಗೆ ಒಂದು ಟೆರಾಬಿಟ್ ಬರೆದು ತೋರಿಸಿದ್ರು. ಅವರದೇ 30 ಟೆರಾಬೈಟಿನ ಮೊಜಾಯಿಕ್ ಡ್ರೈವ್ ಘೋಷಣೆ ಆಗಿದ್ದು 2024ರ ಜನವರಿಯಲ್ಲಿ. ನಡುವಿನ ಹನ್ನೆರಡು ವರ್ಷ "ಮುಂದಿನ ವರ್ಷ ಬರುತ್ತೆ" ಅನ್ನೋ ಮಾತಲ್ಲೇ ಹೋಯ್ತು. ತಡ ಆಗಿದ್ದು ಎಲ್ಲಿ ಅಂದ್ರೆ, ಬಿಸಿ ಬೇಕಾಗಿದ್ದು ಡಿಸ್ಕಿಗೆ, ಆದ್ರೆ ಅದರ ಒಂದು ಪಾಲು ಆಂಟೆನಾದಲ್ಲೇ ಉಳಿಯುತ್ತೆ. ಚಿನ್ನ ಕರಗೋದು 1064 ಡಿಗ್ರಿಗೆ ಅಂತ ಪಠ್ಯಪುಸ್ತಕದಲ್ಲಿ ಇದೆ, ನಿಜ. ಆದ್ರೆ 50 ನ್ಯಾನೊಮೀಟರಿನ ಚೂಪು ತುದಿಯ ಪರಮಾಣುಗಳು ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಮೇಲ್ಮೈ ಮೇಲೆ ಜರುಗಲು ಶುರು ಮಾಡುತ್ತವೆ. ತುದಿ ದುಂಡಗಾಗುತ್ತೆ, ಹಿಂದೆ ಸರಿಯುತ್ತೆ, ಚುಕ್ಕೆ ಅಗಲ ಆಗುತ್ತೆ, ಡ್ರೈವ್ ಸಾಯುತ್ತೆ. ಇದರ ಜೊತೆಗೆ ಡಿಸ್ಕಿನ ಮೇಲಿರೋ ಇಂಗಾಲದ ಪದರ, ಜಾರಿಕೆ ಎಣ್ಣೆ ಬಿಸಿಗೆ ಎದ್ದು ಬಂದು ಹೆಡ್ಡಿಗೆ ಮೆತ್ತಿಕೊಳ್ಳೋದು. ಹೆಡ್ ಕೂಡ ಕಾದು ಉಬ್ಬುತ್ತೆ, ಹೆಡ್ಡಿಗೂ ಡಿಸ್ಕಿಗೂ ಇರೋ ಅಂತರವೇ ಕೆಲವು ನ್ಯಾನೊಮೀಟರ್, ಉಬ್ಬಿದ್ರೆ ತಗುಲುತ್ತೆ. ಲೇಸರ್ ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿದ್ರೆ ಶಕ್ತಿ ಏರುಪೇರಾಗಿ ಬಿಟ್ಟಿನ ಅಂಚು ಕದಲುತ್ತೆ. ಒಂದೊಂದೂ ಎಂಜಿನಿಯರಿಂಗ್ ಸಮಸ್ಯೆ, ಒಂದೊಂದಾಗಿ ಬಗೆಹರಿಸಿದ್ರು. ಬಗೆಹರಿಸಲು ಸಾಧ್ಯ ಆದದ್ದಕ್ಕೆ ಎರಡು ಕಾರಣ. ಡ್ರೈವ್ ಮುಚ್ಚಿದ ಪೆಟ್ಟಿಗೆ, ಧೂಳಿಲ್ಲ. ಮತ್ತೆ ಹತ್ತು ಪ್ಲ್ಯಾಟರ್ (ಒಳಗೆ ತಿರುಗೋ ತಟ್ಟೆ), ಎರಡೂ ಮೈ, ಅಂದ್ರೆ ಒಂದು ಡ್ರೈವಿಗೆ ಬೇಕಾಗಿರೋದು ಇಪ್ಪತ್ತೇ ಆಂಟೆನಾ. ಇಪ್ಪತ್ತು ಅನ್ನೋ ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಧೂಳಿನ ಮಾತು ಬಂತಲ್ಲ, ಸಣ್ಣ ಉಪಕತೆ. ಸಿಡಿಯಿಂದ ಬ್ಲೂ-ರೇವರೆಗೆ ತರಂಗಾಂತರ 780ರಿಂದ 650ಕ್ಕೆ, ಅಲ್ಲಿಂದ 405 ನ್ಯಾನೊಮೀಟರಿಗೆ ಇಳಿಸಿ, ಲೆನ್ಸನ್ನ ಬಲಪಡಿಸಿ, ಒಂದು ಪದರಕ್ಕೆ 700 ಮೆಗಾಬೈಟ್ ಇದ್ದದ್ದನ್ನ 25 ಗಿಗಾಬೈಟ್ ಮಾಡಿದ್ರು. ಅದರ ಮುಂದಿನ ಹೆಜ್ಜೆಯಾಗಿ ಡಿಸ್ಕಿಗೆ 100 ನ್ಯಾನೊಮೀಟರಿಗಿಂತ ಹತ್ತಿರ ಲೆನ್ಸ್ ಇಡೋ ಯೋಜನೆಗಳು ಬಂದವು. ಕೈಯಲ್ಲಿ ಹಿಡಿದು ಹಾಕಿ ತೆಗೆಯೋ ಡಿಸ್ಕಿನ ಮೇಲೆ ಬೆರಳಚ್ಚು ಒಂದು ಬಿದ್ರೂ ಲೆನ್ಸ್ ಅದಕ್ಕೆ ಡಿಕ್ಕಿ ಹೊಡೆಯುತ್ತೆ. ಅಂಗಡಿಗೆ ಬರಲೇ ಇಲ್ಲ.

ಈಗ ಸೋಲಾರ್. ಇಲ್ಲಿ ಆಸೆ ಹುಟ್ಟಿದ್ದಕ್ಕೆ ಒಳ್ಳೆಯ ಕಾರಣ ಇತ್ತು. ಸಿಲಿಕಾನ್ ಕೆಂಪಿನಾಚೆಯ ಬೆಳಕನ್ನ ಬಹಳ ನಿಧಾನವಾಗಿ ಹೀರುತ್ತೆ. 1000 ನ್ಯಾನೊಮೀಟರಿನ ಬೆಳಕಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿಯಬೇಕು ಅಂದ್ರೆ ಅದು ಸುಮಾರು 150 ಮೈಕ್ರಾನ್ (ಮೈಕ್ರಾನ್ ಅಂದ್ರೆ ಸಾವಿರ ನ್ಯಾನೊಮೀಟರ್) ಸಿಲಿಕಾನ್ ದಾಟಬೇಕು. 2008ರಲ್ಲಿ ಪಾಲಿಸಿಲಿಕಾನ್ (ಸೆಲ್ಲಿಗೆ ಬೇಕಾದ ಕಚ್ಚಾ ಸಿಲಿಕಾನ್) ಬೆಲೆ ಕಿಲೋಗೆ 400 ಡಾಲರ್ ದಾಟಿತ್ತು. ಹಾಗಾಗಿ ಎರಡು ಮೈಕ್ರಾನಿನ ತೆಳು ಸಿಲಿಕಾನ್ ಹಾಕಿ, ಮೇಲೆ ಬೆಳ್ಳಿಯ ನ್ಯಾನೊಕಣ ಚೆಲ್ಲಿ, ಬೆಳಕನ್ನ ಓರೆಯಾಗಿ ಒಳಗೆ ಸಿಕ್ಕಿಸಿಬಿಟ್ರೆ ಹೇಗೆ ಅಂತ ಯೋಚನೆ ಬಂತು. 2010ರಲ್ಲಿ ಆಟ್‌ವಾಟರ್ ಮತ್ತು ಪೋಲ್ಮನ್ ಬರೆದ ವಿಮರ್ಶಾ ಲೇಖನದ ನಂತರ ಸಾವಿರಾರು ಜನ ಇದರ ಹಿಂದೆ ಬಿದ್ರು.

ಮಾಡೋ ವಿಧಾನ ಸುಲಭ, ಅದೂ ಒಂದು ಆಕರ್ಷಣೆ. ಸೆಲ್ಲಿನ ಮೇಲೆ 10ರಿಂದ 15 ನ್ಯಾನೊಮೀಟರ್ ದಪ್ಪಕ್ಕೆ ಬೆಳ್ಳಿಯನ್ನ ನಿರ್ವಾತದಲ್ಲಿ ಆವಿ ಮಾಡಿ ಕೂರಿಸಿ, ನೈಟ್ರೋಜನ್‌ನಲ್ಲಿ 200ರಿಂದ 300 ಡಿಗ್ರಿಗೆ ಒಂದು ತಾಸಿನಷ್ಟು ಕಾಯಿಸಿದ್ರೆ ಪದರ ಒಡೆದು 100 ನ್ಯಾನೊಮೀಟರ್ ಆಸುಪಾಸಿನ ದ್ವೀಪಗಳಾಗುತ್ತೆ. ಎಡವಟ್ಟು ಆಗೋದು "ಆಸುಪಾಸು" ಅನ್ನೋ ಕಡೆ. ಕಣ ಬೆಳಕನ್ನ ಚದುರಿಸೋದು ಅದರ ಘನಗಾತ್ರದ ವರ್ಗಕ್ಕೆ ತಕ್ಕ ಹಾಗೆ, ನುಂಗೋದು ಘನಗಾತ್ರಕ್ಕೆ ತಕ್ಕ ಹಾಗೆ. ಅಂದ್ರೆ ವ್ಯಾಸ ಅರ್ಧ ಆದ್ರೆ ನುಂಗೋದು 8 ಪಟ್ಟು ಇಳಿಯುತ್ತೆ, ಚದುರಿಸೋದು 64 ಪಟ್ಟು. ಹಾಗಾಗಿ ದೊಡ್ಡ ದ್ವೀಪಗಳ ನಡುವೆ ಉಳಿಯೋ ಮೂವತ್ತು ನ್ಯಾನೊಮೀಟರಿನ ಮರಿಕಣಗಳು ಬೆಳಕನ್ನ ತಿಂದು ಬಿಸಿ ಮಾಡಿ ಕೂರುತ್ತವೆ, ಸೆಲ್ಲಿಗೆ ಏನೂ ಕೊಡಲ್ಲ. ಇದು ಒಂದು. ಎರಡನೇದು, ಕಣಗಳು ಮುಂದಿನ ಮೈಯಲ್ಲಿದ್ರೆ ಅವುಗಳ ಅನುರಣನಕ್ಕಿಂತ (ಎಲೆಕ್ಟ್ರಾನುಗಳು ಅತಿ ಜೋರಾಗಿ ತೂಗಾಡೋ ತರಂಗಾಂತರಕ್ಕಿಂತ) ಕಡಿಮೆ ತರಂಗಾಂತರದ ನೀಲಿ ಬೆಳಕಿಗೆ ಚದುರಿದ ಅಲೆ ಮತ್ತು ನೇರ ಅಲೆ ಒಂದನ್ನೊಂದು ಕಡಿದುಹಾಕುತ್ತವೆ. ಕೆಂಪಲ್ಲಿ ಗಳಿಸಿದ್ದನ್ನ ನೀಲಿಯಲ್ಲಿ ಕಳ್ಕೊಂಡ ಹಾಗೆ. ಕಣಗಳನ್ನ ಹಿಂದಿನ ಮೈಗೆ ಹಾಕಿದ್ರೆ ಈ ನಷ್ಟ ತಪ್ಪುತ್ತೆ, ನಿಜ. ಆದ್ರೆ ಹಿಂದಿನ ಮೈಯಲ್ಲಿ ಬಿಳಿ ಬಣ್ಣದ ಸಾದಾ ಪ್ರತಿಫಲಕವೂ ಹೆಚ್ಚುಕಮ್ಮಿ ಅದೇ ಕೆಲಸ ಮಾಡುತ್ತೆ. ಗಾಳಿಯ ಗಂಧಕಕ್ಕೆ ಬೆಳ್ಳಿ ಕಪ್ಪಾಗೋದು ಎಲ್ಲ ಮನೆಗಳಲ್ಲೂ ಗೊತ್ತಿರೋ ವಿಷಯ.

ಬೆಳ್ಳಿ ದುಬಾರಿ ಅಂತ ಕೆಲವರು ಆಕ್ಷೇಪ ಎತ್ತುತ್ತಾರೆ, ಅದು ಸರಿಯಲ್ಲ. 300 ನ್ಯಾನೊಮೀಟರಿಗೊಂದು ಕಣ ಇಟ್ರೂ ಚದರ ಮೀಟರಿಗೆ ಸುಮಾರು 60 ಮಿಲಿಗ್ರಾಂ. ಇವತ್ತಿನ ಪ್ಯಾನೆಲ್ಲಿನ ಮೇಲೆ ಕರೆಂಟ್ ಒಯ್ಯೋ ತೆಳು ಗೆರೆಗಳಲ್ಲಿ ಇರೋ ಬೆಳ್ಳಿಯೇ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ. ತೊಂದರೆ ಎಣಿಕೆಯದ್ದು. ಎರಡೂವರೆ ಚದರ ಮೀಟರಿನ ಒಂದು ಪ್ಯಾನೆಲ್ಲಿಗೆ ಹತ್ತಿರ ಹತ್ತಿರ 28 ಲಕ್ಷ ಕೋಟಿ ಕಣ ಬೇಕು, ಅಷ್ಟೂ ಸರಿಯಾದ ಗಾತ್ರದಲ್ಲಿ, 25 ವರ್ಷ ಬಿಸಿಲಲ್ಲಿ ಬಾಳೋ ಹಾಗೆ. ಹಾರ್ಡ್ ಡಿಸ್ಕಿನ ಇಪ್ಪತ್ತರ ಪಕ್ಕದಲ್ಲಿಟ್ಟು ನೋಡಿ.

ನನಗೆ ಸಿಟ್ಟು ಬರೋದು ಇದಕ್ಕಲ್ಲ, ಹೋಲಿಕೆಗೆ. "ನ್ಯಾನೊಕಣದಿಂದ ಕರೆಂಟ್ ಶೇಕಡಾ ಇಷ್ಟು ಏರಿತು" ಅನ್ನೋ ಎಷ್ಟೋ ಪೇಪರುಗಳಲ್ಲಿ ಹೋಲಿಸಿರೋದು ಬೋಳು ಸಿಲಿಕಾನ್ ಜೊತೆ. ಬೋಳು ಸಿಲಿಕಾನ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೆಳಕನ್ನ ವಾಪಸ್ ಎಸೆಯುತ್ತೆ. ಅದರ ಮೇಲೆ ಏನು ಬಳಿದ್ರೂ ಸುಧಾರಣೆ ಕಾಣುತ್ತೆ! ಕಾರ್ಖಾನೆಯಲ್ಲಿ ಮಾಡೋದು ಬೇರೆ. ವೇಫರನ್ನ ಸುಮಾರು 80 ಡಿಗ್ರಿಯ ತೆಳು ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಅದ್ದಿದ್ರೆ ಸಿಲಿಕಾನ್ ಹರಳಿನ ಗುಣದಿಂದ ತಾನಾಗಿ 54.7 ಡಿಗ್ರಿ ಇಳಿಜಾರಿನ ಪಿರಮಿಡ್ಡುಗಳು ಏಳುತ್ತವೆ. ಅದರ ಮೇಲೆ ಸೈಲೇನ್, ಅಮೋನಿಯಾ ಅನಿಲದಿಂದ 75 ನ್ಯಾನೊಮೀಟರಿನ ಸಿಲಿಕಾನ್ ನೈಟ್ರೈಡ್. ಇಷ್ಟಕ್ಕೇ ಪ್ರತಿಫಲನ ಕೆಲವೇ ಶೇಕಡಾಕ್ಕೆ ಇಳಿಯುತ್ತೆ. 75 ಯಾಕೆ ಅಂದ್ರೆ, ಪದರದ ವಕ್ರೀಭವನ ಸೂಚ್ಯಂಕ 2, ಗುರಿ 600 ನ್ಯಾನೊಮೀಟರ್, ಅದರ ಕಾಲುಭಾಗವನ್ನ 2ರಿಂದ ಭಾಗಿಸಿ. ಇದೂ ನ್ಯಾನೊ ಆಪ್ಟಿಕ್ಸೇ. ಪವಗಡದ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ಲುಗಳಿಗೆ ನೀಲಿ ಛಾಯೆ ಕೊಡೋದೇ ಈ ಪದರ. ಬೆಳಕನ್ನ ನುಂಗದ ವಸ್ತು, ಜೊತೆಗೆ ಸಿಲಿಕಾನಿನ ಮೇಲ್ಮೈ ದೋಷಗಳನ್ನೂ ಮುಚ್ಚುತ್ತೆ. ಈ ನಡುವೆ ಪಾಲಿಸಿಲಿಕಾನ್ ಬೆಲೆಯೂ ಕುಸಿದು 2024ರ ಹೊತ್ತಿಗೆ ಚೀನಾದಲ್ಲಿ ಹತ್ತು ಡಾಲರಿಗಿಂತ ಕೆಳಗಿಳಿಯಿತು. ತೆಳು ಸಿಲಿಕಾನಿಗೆ ಬೆಳ್ಳಿ ಕಣ ಚೆಲ್ಲೋ ಅಗತ್ಯವೇ ಮಾಯ.

ಹಾಗಂತ ಲೋಹದ ಕಣಕ್ಕೂ ಸೂರ್ಯನಿಗೂ ಆಗಿಬರಲ್ಲ ಅಂತ ಅಲ್ಲ. ಬೆಂಗಳೂರಲ್ಲಿ ತಾರಸಿ ಹತ್ತಿ ನೋಡಿ, ಸೋಲಾರ್ ವಾಟರ್ ಹೀಟರ್. ಆ ನಿರ್ವಾತ ಗಾಜಿನ ಕೊಳವೆಗಳ ಒಳಗಿನ ಕಪ್ಪು ಲೇಪ ಸಾಮಾನ್ಯವಾಗಿ ಅಲ್ಯೂಮಿನಿಯಂ ನೈಟ್ರೈಡಿನಲ್ಲಿ ಹುದುಗಿದ ಅಲ್ಯೂಮಿನಿಯಂನ ನ್ಯಾನೊ ಗಾತ್ರದ ಕಣಗಳು. ಬಿಸಿಲಿನ ಶೇಕಡಾ 90ಕ್ಕಿಂತ ಹೆಚ್ಚನ್ನ ನುಂಗುತ್ತೆ, ತಾನು ಕಾದ ಮೇಲೆ ಇನ್‌ಫ್ರಾರೆಡ್ಡಾಗಿ ಹೊರಗೆ ಬಿಡೋದು ಅಷ್ಟೇ ಕಾದ ಅಪ್ಪಟ ಕಪ್ಪು ವಸ್ತು ಬಿಡೋದರ ಶೇಕಡಾ ಹತ್ತಕ್ಕಿಂತ ಕಡಿಮೆ. ಪ್ಯಾನೆಲ್ಲಲ್ಲಿ ಕಳ್ಳ ಆಗಿದ್ದ ಗುಣವೇ ಇಲ್ಲಿ ಸ್ನಾನದ ನೀರು ಕಾಯಿಸುತ್ತೆ. ಪ್ರೆಗ್ನೆನ್ಸಿ ಕಿಟ್ಟಿನ ಕೆಂಪು ಗೆರೆಯೂ ಇದೇ ಜಾತಿ: ನಲವತ್ತು ನ್ಯಾನೊಮೀಟರ್ ಆಸುಪಾಸಿನ ಚಿನ್ನದ ಕಣಗಳು ಹಸಿರನ್ನ ನುಂಗೋದ್ರಿಂದ ಗೆರೆ ಕೆಂಪಾಗಿ ಕಾಣುತ್ತೆ. ನುಂಗೋದೇ ಅಲ್ಲಿ ಕೆಲಸ. ಈ ಎರಡನ್ನ ನ್ಯಾನೊ ಆಪ್ಟಿಕ್ಸಿನ ಸಾಧನೆ ಅಂತ ಯಾರೂ ಭಾಷಣದಲ್ಲಿ ಹೇಳಲ್ಲ, ಅಗ್ಗದ ಮಾಲು ನೋಡಿ.

ಇಮೇಜಿಂಗ್ ಕತೆ ಬೇಗ ಮುಗಿಯುತ್ತೆ. ಗಾಜಿನ ಫೈಬರನ್ನ ಕಾಯಿಸಿ ಎಳೆದು ಚೂಪು ಮಾಡಿ, ಬದಿಗಳಿಗೆ ಅಲ್ಯೂಮಿನಿಯಂ ಬಳಿದು, ತುದಿಯಲ್ಲಿ 50ರಿಂದ 100 ನ್ಯಾನೊಮೀಟರಿನ ರಂಧ್ರ ಬಿಟ್ಟು, ಮಾದರಿಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಸಾಲುಸಾಲಾಗಿ ಓಡಿಸೋದು. ನಿಯರ್-ಫೀಲ್ಡ್ ಮೈಕ್ರೋಸ್ಕೋಪ್ ಅಂದ್ರೆ ಇದು. ರಂಧ್ರ ಅರ್ಧ ಮಾಡಿದ್ರೆ ಹೊರಬರೋ ಬೆಳಕು 64 ಪಟ್ಟು ಇಳಿಯುತ್ತೆ ಅಂತ ಭೌತವಿಜ್ಞಾನಿ ಬೆಥೆ ಅವರ 1944ರ ಸಿದ್ಧಾಂತವೇ ಹೇಳುತ್ತೆ. ಸರಿ, ಲೇಸರ್ ಜಾಸ್ತಿ ಮಾಡೋಣ ಅಂದ್ರೆ ಕೆಲವೇ ಮಿಲಿವ್ಯಾಟಿಗೆ ಅಲ್ಯೂಮಿನಿಯಂ ಲೇಪ ಕಾದು ಕಿತ್ತುಬರುತ್ತೆ. ಮತ್ತೆ ಅದೇ ಬಿಸಿ. ಮಾದರಿಯ ಉಬ್ಬುತಗ್ಗಿಗೆ ತುದಿ ಮೇಲೆ ಕೆಳಗೆ ಆಡಿದಾಗ ಬೆಳಕೂ ಏರಿಳಿಯುತ್ತೆ, ಹಾಗಾಗಿ ಚಿತ್ರದಲ್ಲಿ ಕಾಣೋದು ಆಪ್ಟಿಕಲ್ ವಿವರವೋ ಬರೀ ಎತ್ತರವೋ ಅನ್ನೋ ಅನುಮಾನ ಬೇರೆ.

ಬೆಲ್ ಲ್ಯಾಬ್ಸಿನಲ್ಲಿ ಇದನ್ನ ಅತ್ಯಂತ ಮುಂದಕ್ಕೆ ಒಯ್ದವರಲ್ಲಿ ಒಬ್ಬರು ಎರಿಕ್ ಬೆಟ್ಜಿಗ್. ಅದನ್ನ ಬಿಟ್ಟರು, ಸಂಶೋಧನೆಯನ್ನೇ ಬಿಟ್ಟು ಅಪ್ಪನ ಯಂತ್ರೋಪಕರಣ ಕಂಪನಿ ಸೇರಿದ್ರು. ಮರಳಿ ಬಂದು 2006ರಲ್ಲಿ ತೋರಿಸಿದ ವಿಧಾನದಲ್ಲಿ ಲೋಹವೂ ಇಲ್ಲ, ತುದಿಯೂ ಇಲ್ಲ. ಹೊಳೆಯೋ ಅಣುಗಳನ್ನ ಒಂದು ಸಲಕ್ಕೆ ಕೆಲವೇ ಕೆಲವು ಬೆಳಗಿಸಿ, ಪ್ರತಿಯೊಂದರ ಮಸುಕು ಚುಕ್ಕೆಯ ನಡುಮಧ್ಯ ಗುರುತಿಸೋದು. ಫೋಟಾನುಗಳ ಸಂಖ್ಯೆಯ ವರ್ಗಮೂಲದಷ್ಟು ನಿಖರತೆ ಹೆಚ್ಚುತ್ತೆ. 400 ಫೋಟಾನ್ ಸಿಕ್ಕರೆ, ಹಿನ್ನೆಲೆ ಗದ್ದಲ ಬಿಟ್ಟರೆ, ಇಪ್ಪತ್ತು ಪಟ್ಟು. 2014ರ ರಸಾಯನಶಾಸ್ತ್ರ ನೊಬೆಲ್ ಬೆಟ್ಜಿಗ್, ಹೆಲ್, ಮೋರ್ನರ್ ಮೂವರಿಗೆ ಬಂತು. ಜೀವಕೋಶದ ಇಮೇಜಿಂಗ್ ಅಲ್ಲಿಗೆ ಬೇರೆ ದಾರಿ ಹಿಡಿಯಿತು. ಲೋಹದ ತುದಿ ಉಳಿದಿರೋದು ಇನ್‌ಫ್ರಾರೆಡ್ಡಲ್ಲಿ. ಅಲ್ಲಿ ರಂಧ್ರ ಇಲ್ಲದ ಲೋಹಲೇಪಿತ ಸೂಜಿಯನ್ನ ಕಂಪಿಸಿ, ಕಂಪನದ ಎರಡು ಮೂರು ಪಟ್ಟು ಆವೃತ್ತಿಯಲ್ಲಿ ಸಂಕೇತ ಹೆಕ್ಕಿದ್ರೆ, ಹತ್ತು ಮೈಕ್ರಾನಿನ ಬೆಳಕಲ್ಲೂ 20 ನ್ಯಾನೊಮೀಟರ್ ವಿವರ ಸಿಗುತ್ತೆ. ಗ್ರಾಫೀನ್, ಪಾಲಿಮರ್ ನೋಡೋರಿಗೆ ಅದು ಅಮೂಲ್ಯ. ಆದ್ರೆ ನೋಡೋಕೆ ಸಿಗೋದು ಮೇಲ್ಮೈ ಮಾತ್ರ.

ಈಗ ನೇರ ಸಲಹೆ, ವಿಶೇಷವಾಗಿ ಬೆಂಗಳೂರಿನ ಐಐಎಸ್‌ಸಿ ನ್ಯಾನೊ ಕೇಂದ್ರದಂಥ ಕಡೆ ಕ್ಲೀನ್‌ರೂಮ್ (ಧೂಳಿಲ್ಲದ ಪ್ರಯೋಗಕೋಣೆ) ಸಮಯ ಕೇಳಿಕೊಂಡು ಬರೋ ವಿದ್ಯಾರ್ಥಿಗಳಿಗೆ. ಮೂರನ್ನೂ ಒಂದೇ ಪ್ರಸ್ತಾವದಲ್ಲಿ ತುರುಕಬೇಡಿ. ಸೋಲಾರ್ ಸೆಲ್ಲಿಗೇ ಕಣ ಹಾಕೋದು ಖಚಿತ ಅಂದ್ರೆ, ಮೊದಲು ಅದೇ ಕಣಗಳನ್ನ ಬರೀ ಗಾಜಿನ ಮೇಲೆ ಮಾಡಿ, ಇಂಟಿಗ್ರೇಟಿಂಗ್ ಸ್ಫಿಯರ್ (ಎಲ್ಲ ದಿಕ್ಕಿಗೆ ಚದುರಿದ ಬೆಳಕನ್ನೂ ಒಟ್ಟುಗೂಡಿಸೋ ಗೋಳ) ಹಾಕಿ ಒಟ್ಟು ಪ್ರತಿಫಲನ, ಒಟ್ಟು ಪ್ರಸರಣ (ದಾಟಿ ಹೋದ ಬೆಳಕು) ಶೇಕಡಾವಾರು ಅಳೆಯಿರಿ. ನೂರರಿಂದ ಎರಡನ್ನೂ ಕಳೆದು, ಗಾಜೊಂದೇ ನುಂಗಿದ್ದನ್ನೂ ಕಳೆದ್ರೆ ಉಳಿಯೋದು ಕಣಗಳು ತಿಂದ ಪಾಲು. ಸೆಲ್ಲಿನ ಮೇಲೆ ಆ ಅಂಕಿ ಅಷ್ಟೇ ಇರಲ್ಲ, ಸಿಲಿಕಾನ್ ಪಕ್ಕದಲ್ಲಿದ್ದಾಗ ಅನುರಣನ ಕೆಂಪಿನ ಕಡೆ ಸರಿಯುತ್ತೆ. ಆದ್ರೆ ಗಾಜಿನ ಮೇಲೇ ಶೇಕಡಾ ಹತ್ತು ತಿನ್ನೋ ಪದರ ಸಿಲಿಕಾನಿನ ಮೇಲೆ ಸಾಧು ಆಗಲಿದೆ ಅಂತ ನಂಬೋಕೆ ಕಾರಣ ಇಲ್ಲ. ಆಮೇಲೆ ಪಿರಮಿಡ್ಡೂ ನೈಟ್ರೈಡೂ ಇರೋ ಒಂದೇ ಸೆಲ್ಲಿನ ಕರೆಂಟನ್ನ ಕಣ ಹಾಕೋ ಮುಂಚೆ, ಹಾಕಿದ ಮೇಲೆ, 300ರಿಂದ 1200 ನ್ಯಾನೊಮೀಟರ್ ತನಕ ತರಂಗಾಂತರವಾರು ಅಳೆದು, ನೀಲಿ ಭಾಗವನ್ನೂ ಸೇರಿಸಿ ಗ್ರಾಫ್ ಹಾಕಿ. 600ರಿಂದ ಶುರು ಆಗೋ ಗ್ರಾಫ್ ಯಾರಾದ್ರೂ ತೋರಿಸಿದ್ರೆ, ಎಡಗಡೆ ಏನಾಯ್ತು ಅಂತ ಕೇಳಿ.